ಸಹಾಯ ಬೇಕು: ಹಳೇ ಕ್ರ್ಯಾಂಕ್ ಬೂಸ್ಟ್ ಫ್ರೇಮ್‌ಗೆ ಹೊಂದುತ್ತಾ?

ಗೆಳೆಯರೇ, ಬೆಂಗಳೂರಿನಲ್ಲಿ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ಕಾರ್ಬನ್ ಎಂಟಿಬಿ (ಗುಡ್ಡಗಾಡಿನ ಸೈಕಲ್) ಫ್ರೇಮ್ ತಗೊಂಡಿದ್ದೇನೆ, 29 ಇಂಚಿನ ಚಕ್ರದ್ದು. ಟಾರ್ಚ್ ಹಿಡಿದು ಪೂರ್ತಿ ನೋಡಿದೆ, ಎಲ್ಲೂ ಬಿರುಕಿಲ್ಲ. ವರ್ನಿಯರ್ ಇಟ್ಟು ಅಳೆದೆ: ಬಾಟಮ್ ಬ್ರಾಕೆಟ್ (ಕ್ರ್ಯಾಂಕ್ ತಿರುಗುವ ಬೇರಿಂಗ್) ಕೂರುವ ಶೆಲ್ ಅಗಲ 92 ಮಿ.ಮೀ., ಒಳಗಿನ ವ್ಯಾಸ 41, ಅಂದ್ರೆ ಪ್ರೆಸ್‌ಫಿಟ್ (ತಿರುಪಿಲ್ಲದೆ ಒತ್ತಿ ಕೂರಿಸೋದು). ಹಿಂದಿನ ಆಕ್ಸಲ್ 12x148 ಮಿ.ಮೀ., ಅಂದ್ರೆ ಹಳೇ 142ಕ್ಕಿಂತ ಅಗಲವಾದ ಬೂಸ್ಟ್ ಅಳತೆ. ಇಲ್ಲಿವರೆಗೆ ಗೊಂದಲವಿಲ್ಲ.

ತೊಂದರೆ ಇರೋದು ಕ್ರ್ಯಾಂಕ್‌ನದು, ಅಂದ್ರೆ ಪೆಡಲ್ ಕೂರುವ ತೋಳಿನದು. 142 ಆಕ್ಸಲ್‌ನ ನನ್ನ ಹಳೇ ಸೈಕಲ್ಲಿನ ಸ್ರ್ಯಾಮ್ ಕಂಪನಿಯ ಜಿಎಕ್ಸ್‌ಪಿ ಮಾದರಿ ಕ್ರ್ಯಾಂಕ್ ಚೆನ್ನಾಗಿದೆ, ಅದನ್ನೇ ಹಾಕುವ ಆಸೆ. ಅದರ 32 ಹಲ್ಲಿನ ಡೈರೆಕ್ಟ್ ಮೌಂಟ್ (ಕ್ರ್ಯಾಂಕ್‌ಗೇ ನೇರ ಕೂರುವ) ಚೈನ್‌ರಿಂಗ್ 6 ಮಿ.ಮೀ. ಆಫ್‌ಸೆಟ್‌ನದು, ಅಂದ್ರೆ ಹಲ್ಲು ಅಷ್ಟು ಒಳಗೆ, ಫ್ರೇಮ್ ಕಡೆ ಸರಿದಿರುತ್ತೆ. ಸರಿಯಾದ ಬಾಟಮ್ ಬ್ರಾಕೆಟ್ ತಂದು ಕೂರಿಸಿ ನೋಡಿದೆ. ಹಲ್ಲಿಗೂ ಚೈನ್‌ಸ್ಟೇಗೂ (ಹಿಂದಿನ ಚಕ್ರದ ಕಡೆ ಹೋಗುವ ಫ್ರೇಮಿನ ಕೊಳವೆ) ನಡುವೆ ಎರಡು ಪೋಸ್ಟ್‌ಕಾರ್ಡ್ ಅಷ್ಟೇ ನುಸುಳುತ್ತೆ, ಕಾರ್ಬನ್ ಉಜ್ಜಿ ಹೋಗುತ್ತೇನೋ ಅಂತ ಜೀವ ಹೊಡ್ಕೊಳ್ತಿದೆ. ಬೂಸ್ಟ್‌ಗೆ ಚೈನ್‌ಲೈನ್ (ಫ್ರೇಮಿನ ನಡುವಿನಿಂದ ಚೈನ್‌ಗಿರುವ ದೂರ) 3 ಮಿ.ಮೀ. ಹೊರಗೆ ಬರಬೇಕು ಅಲ್ವಾ, ಹಾಗಾಗಿ 3 ಮಿ.ಮೀ. ಆಫ್‌ಸೆಟ್ ರಿಂಗ್ ಸಾಕು ಅಂತ ನನ್ನ ಲೆಕ್ಕ. ಅಂಗಡಿಯವರು ಮಾತ್ರ ಕ್ರ್ಯಾಂಕೇ ಹೊಸದು ಬೇಕು ಅಂತಾರೆ. ಸುಮ್ನೆ ಅಷ್ಟು ದುಡ್ಡು ಹಾಕೋಕೆ ಮನಸ್ಸಿಲ್ಲ.

ಹೀಗೆ ರಿಂಗ್ ಮಾತ್ರ ಬದಲಿಸಿ ಬೂಸ್ಟ್ ಫ್ರೇಮ್‌ನಲ್ಲಿ ಓಡಿಸಿದವರು ಯಾರಾದ್ರೂ ಇದ್ದೀರಾ? ಕ್ರ್ಯಾಂಕ್ ತೋಳು ಚೈನ್‌ಸ್ಟೇಗೆ ತಗುಲಿತಾ?