ಅಪ್‌ಡೇಟ್: ಎಲೆ ತೆಗೆದರೂ ಉಕ್ಕುತ್ತಿದ್ದ ಸೂರಿನ ದೋಣಿ

ಮೂಡಿಗೆರೆ ಕಡೆಯ ನಮ್ಮ ಹೆಂಚಿನ ಮನೆಯ ಸೂರಿನಂಚಿನಲ್ಲಿ ಮಳೆನೀರು ಹಿಡಿಯುವ ಪಿವಿಸಿ ದೋಣಿ, ಎಲೆ ತೆಗೆದ ಮೇಲೂ ಜೋರು ಮಳೆಗೆ ಮಧ್ಯದಲ್ಲೇ ಉಕ್ಕುತ್ತದೆ, ಯಾಕೆ ಅಂತ ಕೇಳಿದ್ದೆ. ಇಳಿಜಾರು ನೋಡಿ, ಕೆಳಗಿಳಿಯುವ ಪೈಪಿನ ಬೆಂಡ್ ಬಿಚ್ಚಿ ಅಂದವರಿಗೆಲ್ಲ ಥ್ಯಾಂಕ್ಸ್. ಎರಡರಲ್ಲೂ ತೊಂದರೆ ಇತ್ತು.

ಬೆಂಡ್ ಒಳಗೆ ಎಲೆಗಿಂತ ಜಾಸ್ತಿ ಇದ್ದದ್ದು ಪಾಚಿ ಮತ್ತು ಕಪ್ಪು ಕೆಸರು. ಹೆಂಚಿನ ಪಾಚಿ ಬೇಸಿಗೆಯಲ್ಲಿ ಒಣಗಿ, ಮಳೆ ಶುರುವಾದಾಗ ಕಿತ್ತು ಬರುತ್ತದೆ. ಬೆಂಡಿನಲ್ಲಿ ಒಂದು ಸಿಲ್ವರ್ ಓಕ್ ಕಡ್ಡಿ ಅಡ್ಡ ಸಿಕ್ಕಿಕೊಂಡರೆ ಸಾಕು, ಉಳಿದದ್ದೆಲ್ಲ ಅದರ ಹಿಂದೆ ಕೂರುತ್ತದೆ. ಮೇಲಿಂದ ನೋಡಿದರೆ ದೋಣಿ ಕ್ಲೀನ್!

ಇನ್ನೊಂದು, ಕ್ಲ್ಯಾಂಪುಗಳು ದೂರ ದೂರ ಇದ್ದು ದೋಣಿ ನಡುವೆ ಜೋತಿತ್ತು. ಮಳೆ ನಿಂತ ಮೇಲೆ ಹತ್ತಿ ನೋಡಿ, ನೀರು ನಿಂತ ಜಾಗವೇ ತಗ್ಗು. ಅಲ್ಲಿ ಕೆಸರೂ ಕೂರುತ್ತದೆ, ಸೊಳ್ಳೆಯೂ ಮೊಟ್ಟೆ ಇಡುತ್ತದೆ. ಈಗ 2 ಅಡಿಗೊಂದು ಕ್ಲ್ಯಾಂಪ್ ಹಾಕಿಸಿ, 3 ಮೀಟರಿಗೆ ಸುಮಾರು 1 ಸೆಂ.ಮೀ. ಇಳಿಜಾರು ಕೊಡಿಸಿದ್ದೇವೆ.

ಇನ್ನೊಂದು ತುದಿಗೂ ಪೈಪ್ ಇಳಿಸಿದೆವು. 100 ಚದರ ಮೀಟರ್ ಮಾಡಿನ ಮೇಲೆ ಗಂಟೆಗೆ 50 ಮಿ.ಮೀ. ಮಳೆ ಸುರಿದರೆ 5,000 ಲೀಟರ್ ನೀರು, ಒಂದೇ ಪೈಪಿಗೆ ಕಷ್ಟ ಅಲ್ವಾ?

ದೋಣಿ ಉದ್ದಕ್ಕೂ ಜಾಲರಿ ಮಾತ್ರ ಬೇಡ ಅಂತ ಬಿಟ್ಟೆವು. ಒದ್ದೆ ಎಲೆ ಅದರ ಮೇಲೆ ಅಂಟಿದರೆ ನೀರು ದೋಣಿಗೇ ಬೀಳದೆ ಹೊರಗೆ ಹಾರುತ್ತದೆ. ಪೈಪಿನ ಬಾಯಿಗೆ ಮಾತ್ರ ತಂತಿಯ ಬುಟ್ಟಿ ಇಟ್ಟಿದ್ದೇವೆ. ಅದನ್ನು ಆಗಾಗ ತೆಗೆದು ಕೊಡವಬೇಕು, ಅಷ್ಟೇ.