ಸುಂಕದ ಲೆಕ್ಕ ಬರೆಯುತ್ತಿದ್ದ ಚಾಸರ್‌ಗೆ ಆ ನೌಕರಿ ಕೊಟ್ಟದ್ದೇನು?

ಪ್ರಶ್ನೆ: ಕಾರವಾರದ ವಿದ್ಯಾರ್ಥಿನಿ

ನಾನು ಇಂಗ್ಲಿಷ್ ಎಂ.ಎ. ಓದುತ್ತಿದ್ದೇನೆ. ಹದಿನಾಲ್ಕನೇ ಶತಮಾನದ ಇಂಗ್ಲಿಷ್ ಕವಿ ಜೆಫ್ರಿ ಚಾಸರ್ 1374ರಿಂದ 1386ರವರೆಗೆ ಲಂಡನ್ ಬಂದರಿನಲ್ಲಿ ಉಣ್ಣೆ ಮತ್ತು ತೊಗಲಿನ ಸುಂಕದ ಅಧಿಕಾರಿಯಾಗಿದ್ದನೆಂದು ಪಠ್ಯದ ಮುನ್ನುಡಿ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಸಾಗುತ್ತದೆ. ಬೈತಕೋಲ ಬಂದರಿನ ದುಡಿಮೆಯನ್ನೇ ನಂಬಿದ ಮನೆಯವಳಾದ್ದರಿಂದ ನನಗೆ ಆ ಸಾಲನ್ನು ದಾಟಿ ಹೋಗಲಾಗಲಿಲ್ಲ. ಆ ನೌಕರಿ ಅವನ ಕಾವ್ಯಕ್ಕೆ ಅಡ್ಡಿಯಾಯಿತೇ, ಅಥವಾ ನೆರವಾಯಿತೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ಶಿರಸಿಯ ನಿವೃತ್ತ ಉಪನ್ಯಾಸಕ

ತಂಗಿ, ಬಹಳ ಒಳ್ಳೆಯ ಪ್ರಶ್ನೆ. ಸುಂಕ ವಸೂಲಿ ಮಾಡುತ್ತಿದ್ದವರು ಲಂಡನ್ನಿನ ಸಿರಿವಂತ ವರ್ತಕರು. ಅವರ ಲೆಕ್ಕವನ್ನು ತಾಳೆ ನೋಡಲು ಪ್ರತಿಲೆಕ್ಕವನ್ನು ಸ್ವಹಸ್ತದಿಂದಲೇ ಬರೆದಿಡಬೇಕೆಂಬುದು ಚಾಸರ್‌ನ ನೇಮಕಾತಿಯ ಷರತ್ತಾಗಿತ್ತು. ವಾಸ ಆಲ್ಡ್‌ಗೇಟ್ ಎಂಬ ಊರಬಾಗಿಲಿನ ಮೇಲಿನ ಕೋಣೆಗಳಲ್ಲಿ. ‘ಹೌಸ್ ಆಫ್ ಫೇಮ್’ ಕಾವ್ಯದಲ್ಲಿ ಹದ್ದೊಂದು ಅವನನ್ನು ಹೆಸರು ಹಿಡಿದು ಕರೆದು, ಲೆಕ್ಕವೆಲ್ಲ ಮುಗಿದ ಮೇಲೆ ವಿಶ್ರಾಂತಿಯನ್ನೂ ಬಯಸದೆ, ನೆರೆಹೊರೆಯವರ ಸುದ್ದಿಯನ್ನೂ ಕೇಳದೆ ನೇರ ಮನೆಗೆ ಹೋಗಿ, ಕಣ್ಣು ಮಂಜಾಗುವವರೆಗೆ ಮತ್ತೊಂದು ಪುಸ್ತಕದ ಮುಂದೆ ಕಲ್ಲಿನಂತೆ ಕೂರುತ್ತೀಯೆ ಎಂದು ಆಕ್ಷೇಪಿಸುತ್ತದೆ. ದುಡಿದು ಬಂದು ಓದಲು ಕೂತವನ ದಣಿವು ಇಷ್ಟು ನಿಜವಾಗಿ ಬಂದಿರುವ ಮಧ್ಯಯುಗದ ಸಾಲುಗಳನ್ನು ನಾನು ಬೇರೆಲ್ಲೂ ಓದಿಲ್ಲ.

ಯಾತ್ರಿಕರು ದಾರಿಯಲ್ಲಿ ಒಬ್ಬೊಬ್ಬರಾಗಿ ಕಥೆ ಹೇಳುವ ಅವನ ‘ಕ್ಯಾಂಟರ್‌ಬರಿ ಕಥೆಗಳು’ ಕೃತಿಯ ನಾವಿಕನನ್ನೂ ನೋಡಿ. ಫ್ರಾನ್ಸಿನ ಬೋರ್ಡೋದಿಂದ ಬರುವಾಗ ವರ್ತಕ ನಿದ್ದೆಹೋದರೆ ಅವನ ದ್ರಾಕ್ಷಾರಸವನ್ನು ಕದಿಯುತ್ತಾನೆ. ಆದರೆ ಉಬ್ಬರವಿಳಿತ, ಚಂದ್ರನ ಗತಿ, ಬಂದರುಗಳ ತಿಳಿವಳಿಕೆಯಲ್ಲಿ ಇಂಗ್ಲೆಂಡಿನ ಹಲ್‌ನಿಂದ ಸ್ಪೇನಿನ ಕಾರ್ತಜೀನಾವರೆಗೆ ಅವನಿಗೆ ಸರಿಸಾಟಿಯಿಲ್ಲ. ಇನ್ನು ಅದೇ ಕೃತಿಯ ಇನ್ನೊಬ್ಬ ಯಾತ್ರಿಕನಾದ ವರ್ತಕನಿಗೆ ಇಂಗ್ಲೆಂಡಿನ ಆರ್ವೆಲ್ ಮತ್ತು ನೆದರ್ಲೆಂಡ್ಸ್‌ನ ಮಿಡಲ್‌ಬರ್ಗ್ ನಡುವಿನ ಸಮುದ್ರಕ್ಕೆ ಕಾವಲು ಬೇಕು, ತಾನು ಸಾಲದಲ್ಲಿರುವುದು ಮಾತ್ರ ಯಾರಿಗೂ ತಿಳಿಯಬಾರದು. ಧಕ್ಕೆಯಲ್ಲಿ ನಿಂತು ಇಂಥವರನ್ನು ದಿನವೂ ಕಂಡವನ ಕಣ್ಣು ಇದು.

ಉತ್ತರ: ಕುಮಟಾದ ಓದುಗ

ಸರ್, ತಮ್ಮ ಮಾತನ್ನು ಗೌರವಿಸುತ್ತಲೇ ಒಂದು ಭಿನ್ನಾಭಿಪ್ರಾಯವನ್ನು ಹೇಳುತ್ತೇನೆ. ಚಾಸರ್‌ನ ತಂದೆಯೇ ದ್ರಾಕ್ಷಾರಸದ ವ್ಯಾಪಾರಿ. ಹಡಗು, ಪೀಪಾಯಿ, ನಾವಿಕರ ಪರಿಚಯ ಅವನಿಗೆ ಬಾಲ್ಯದಿಂದಲೇ ಇದ್ದಿರಬೇಕು. ಕ್ಯಾಂಟರ್‌ಬರಿ ಕಥೆಗಳನ್ನು ಅವನು ಕೈಗೆತ್ತಿಕೊಂಡದ್ದು ಸುಮಾರು 1387ರಲ್ಲಿ, ಅಂದರೆ ಸುಂಕದ ಕೆಲಸ ಬಿಟ್ಟ ಮೇಲೆ. ನನ್ನ ದೃಷ್ಟಿಯಲ್ಲಿ ನಿಜವಾದ ತಿರುವು ಇಟಲಿ. ರಾಜಕಾರ್ಯದ ಮೇಲೆ 1372-73ರಲ್ಲಿ ಜಿನೋವಾ ಮತ್ತು ಫ್ಲಾರೆನ್ಸ್‌ಗೆ, 1378ರಲ್ಲಿ ಲೊಂಬಾರ್ಡಿಗೆ ಹೋಗಿ ಬಂದವನ ಕಾವ್ಯದಲ್ಲಿ ಇಟಲಿಯ ಸಾಹಿತಿಗಳಾದ ಡಾಂಟೆ, ಬೊಕಾಚಿಯೊ ಇಬ್ಬರ ಪ್ರಭಾವವೂ ಎದ್ದು ಕಾಣುತ್ತದೆ.

ಉತ್ತರ: ಶಿರಸಿಯ ನಿವೃತ್ತ ಉಪನ್ಯಾಸಕ

ಇಟಲಿಯ ಋಣವನ್ನು ನಾನು ಸಂಪೂರ್ಣ ಒಪ್ಪುತ್ತೇನೆ. ಆದರೆ ಬೊಕಾಚಿಯೊನ ಕಥೆಯನ್ನು ತನ್ನದಾಗಿಸಿಕೊಂಡು, ಏಳು ಸಾಲಿನ ಪದ್ಯಗಳಲ್ಲಿ ‘ಟ್ರಾಯ್ಲಸ್ ಅಂಡ್ ಕ್ರಿಸೈಡ್’ ಎಂಬ ದೀರ್ಘಕಾವ್ಯವನ್ನು ಅವನು ಬಹುಪಾಲು ಬರೆದದ್ದು ಸುಂಕದ ವರ್ಷಗಳಲ್ಲೇ ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಫ್ರೆಂಚ್ ಮತ್ತು ಲ್ಯಾಟಿನ್‌ಗಳಿಗೇ ಮನ್ನಣೆಯಿದ್ದ ಆಸ್ಥಾನದ ನಡುವೆ ಅವನು ಇಂಗ್ಲಿಷಿನಲ್ಲಿ ಪಳಗಿಸಿದ ಹತ್ತು ಅಕ್ಷರಗಳ ಸಾಲು ಮುಂದೆ ಶೇಕ್ಸ್‌ಪಿಯರ್, ಮಿಲ್ಟನ್‌ವರೆಗೂ ನಡೆದುಬಂತು. ತಂಗಿ, ನೀವು ಮೊದಲು ಹದ್ದಿನ ಪ್ರಸಂಗವನ್ನು ಓದಿ. ಅದು ‘ಹೌಸ್ ಆಫ್ ಫೇಮ್’ನ ಎರಡನೆಯ ಭಾಗದಲ್ಲಿದೆ.