ವರ್ಟಸ್ ಜಿಟಿಗೆ ಹೊಸ ಟೈರ್: ಮಳೆ ಹಿಡಿಯೋ ಮುಂಚೆ ಯಾವುದು ಹಾಕಿಸಲಿ?

ನಾಲ್ಕನೇ ಗೇರ್:

ಗಾಡಿ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ, 1.5 ಟಿಎಸ್‌ಐ ಪೆಟ್ರೋಲ್ ಎಂಜಿನ್, ಡಿಎಸ್‌ಜಿ ಆಟೋಮ್ಯಾಟಿಕ್ ಗೇರ್. 44,000 ಕಿ.ಮೀ. ಓಡಿದೆ. ಕಂಪನಿಯಿಂದ ಬಂದ ಟೈರುಗಳೇ ಇನ್ನೂ ಇವೆ, ಅಳತೆ 205/55 ಆರ್16 91ವಿ. ಮುಂದಿನ ಎರಡರಲ್ಲಿ ಬಟನ್ (ರಸ್ತೆಗೆ ತಾಗೋ ರಬ್ಬರ್ ಗಟ್ಟಿಗಳು) 2.5 ಮಿ.ಮೀ. ಉಳಿದಿದೆ, ಹಿಂದಿನವುಗಳಲ್ಲಿ 4 ಮಿ.ಮೀ. ಎಡಗಡೆ ಮುಂದಿನ ಟೈರಿನ ಒಳ ಅಂಚು ಹೊರ ಅಂಚಿಗಿಂತ ಜಾಸ್ತಿ ಸವೆದಿದೆ.

ದಿನಾ ಬೆಂಗಳೂರಿನೊಳಗೆ 40 ಕಿ.ಮೀ., ಅರ್ಧ ಕಾಂಕ್ರೀಟ್, ಅರ್ಧ ಗುಂಡಿ. ತಿಂಗಳಿಗೆ ಎರಡು ಸಲ ಶಿರಾಡಿ ಇಳಿದು ಮಂಗಳೂರಿಗೆ ಹೋಗಿ ಬರೋದು. ಟ್ರ್ಯಾಕ್‌ಗೆಲ್ಲ ಹೋಗಲ್ಲ, ಆದ್ರೆ ಘಾಟಿ ತಿರುವಿನಲ್ಲಿ ಸ್ಟೇರಿಂಗ್ ಹೇಳಿದ ಮಾತು ಗಾಡಿ ಕೇಳಬೇಕು. ಈಗ ಒದ್ದೆ ರಸ್ತೆಯಲ್ಲಿ ಸಿಗ್ನಲ್ ಬಿಟ್ಟು ಹೊರಟರೆ ಸಾಕು, ಮುಂದಿನ ಚಕ್ರ ಜಾರಿ ಮೀಟರ್‌ನಲ್ಲಿ ಹಳದಿ ದೀಪ ಮಿನುಗುತ್ತೆ.

ಅಂಗಡಿಯವರು "17 ಇಂಚಿಗೆ ಹೋಗಿ ಸರ್, ಇಲ್ಲಾಂದ್ರೆ 215 ಆದ್ರೂ ಹಾಕಿ" ಅಂತಿದ್ದಾರೆ. ಹಾಕಬಹುದಾ? ಯಾವ ಮಾಡೆಲ್ ತಗೊಳ್ಳಲಿ? ಎರಡು ಸಾಕಾ, ನಾಲ್ಕೂ ಬದಲಿಸಬೇಕಾ?

ಶಿರಾಡಿ ತಿರುವು:

ಅಂಗಡಿಯವರ ಮಾತು ಆಮೇಲೆ ಕೇಳುವ ಮಾರಾಯ್ರೇ, ಮೊದಲು ಲೆಕ್ಕ ನೋಡಿ. 205 ಅಂದರೆ ಟೈರಿನ ಅಗಲ, ಮಿ.ಮೀ.ನಲ್ಲಿ. ಅದರ ಶೇ. 55 ಅಂದರೆ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಎತ್ತರ 112.75 ಮಿ.ಮೀ. ಮೇಲೆ ಕೆಳಗೆ ಸೇರಿ 225.5. ರಿಮ್ 16 ಇಂಚು, ಅಂದರೆ 406.4 ಮಿ.ಮೀ. ಒಟ್ಟು ವ್ಯಾಸ 631.9.

215/55 ಆರ್16 ಹಾಕಿದರೆ ವ್ಯಾಸ 642.9 ಆಗ್ತದೆ. 11 ಮಿ.ಮೀ. ಜಾಸ್ತಿ, ಶೇ. 1.7 ವ್ಯತ್ಯಾಸ. ಗಾಡಿಯ ಹೊಟ್ಟೆ ನೆಲದಿಂದ ಐದೂವರೆ ಮಿ.ಮೀ. ಮೇಲೆ ಹೋಗ್ತದೆ, ಹಂಪ್‌ಗಳಿಗೆ ಅಷ್ಟು ಲಾಭ ಉಂಟು. ಆದರೆ ರಿಮ್ಮಿನ ಅಗಲ ನೋಡಿ, ಹಿಂಬದಿಯಲ್ಲಿ 6ಜೆ, 6.5ಜೆ ಅಂತ ಇಂಚಿನಲ್ಲಿ ಅಚ್ಚು ಹಾಕಿರ್ತಾರೆ. 215/55ಕ್ಕೆ 6ರಿಂದ 7.5ಜೆ ತನಕ ಸರಿ. 6ಜೆ ಆದರೆ ಕಟ್ಟಕಡೆಯ ಮಿತಿ. ಸೈಡ್‌ವಾಲ್ ಹೊರಗೆ ಉಬ್ಬಿ ನಿಲ್ತದೆ, ಸ್ಟೇರಿಂಗ್ ತಿರುಗಿಸಿದ ಮೇಲೆ ಗಾಡಿ ಅರೆಗಳಿಗೆ ಯೋಚನೆ ಮಾಡಿ ತಿರುಗುತ್ತದೆ. ನೀವು ಬೇಡ ಅಂತ ಹೇಳಿದ್ದೇ ಅದು.

ಇನ್ನು 17 ಇಂಚು. ವ್ಯಾಸಕ್ಕೆ ಹೊಂದುವುದು 205/50 ಆರ್17, 636.8 ಮಿ.ಮೀ., ಶೇ. 0.8 ಮಾತ್ರ ವ್ಯತ್ಯಾಸ. ಆದರೆ ಸೈಡ್‌ವಾಲ್ 102.5ಕ್ಕೆ ಇಳೀತದೆ. ಆ ಒಂದು ಸೆಂಟಿಮೀಟರ್ ಉಂಟಲ್ಲ, ಗುಂಡಿಗೆ ಬಿದ್ದಾಗ ರಿಮ್ ಉಳಿಸುವುದೇ ಅದು. ಗುಂಡಿಯ ಚೂಪು ಅಂಚಿಗೆ ಹೊಡೆದಾಗ ಸೈಡ್‌ವಾಲ್ ರಸ್ತೆಗೂ ರಿಮ್ಮಿಗೂ ನಡುವೆ ಸಿಕ್ಕಿ ಒಳಗಿನ ದಾರಗಳು ತುಂಡಾಗ್ತವೆ. ಹೊರಗಿನ ರಬ್ಬರ್ ಹಾಗೇ ಇರ್ತದೆ, ದಾರ ಇಲ್ಲದ ಜಾಗದಲ್ಲಿ ಗಾಳಿ ಹೊರಗೆ ದೂಡಿ ಲಿಂಬೆಹಣ್ಣಿನ ಹಾಗೆ ಊದಿಕೊಳ್ತದೆ. ಅದಕ್ಕೆ ರಿಪೇರಿ ಇಲ್ಲ, ಆ ಟೈರ್ ಬಿಸಾಡುವುದೇ.

ಟೈರ್ ಕೊಳ್ಳುವಾಗ ಸೈಡ್‌ವಾಲ್ ಮೇಲಿನ ಸಣ್ಣ ಅಕ್ಷರ ಓದಿ. "ಟ್ರೆಡ್: 1 ಪಾಲಿಯೆಸ್ಟರ್ + 2 ಸ್ಟೀಲ್ + 1 ನೈಲಾನ್, ಸೈಡ್‌ವಾಲ್: 1 ಪಾಲಿಯೆಸ್ಟರ್" ಅಂತ ಏನಾದರೂ ಇರ್ತದೆ. ಸೈಡ್‌ವಾಲ್ ಎದುರು 2 ಅಂತ ಇದ್ದರೆ ಎರಡು ಪದರ. ಗುಂಡಿ ರಸ್ತೆಗೆ ಅದು ಒಳ್ಳೆಯದು, ಆದರೆ ಸ್ವಲ್ಪ ಗಡಸು, ತೂಕವೂ ಜಾಸ್ತಿ.

ಅಗಲ ಹೆಚ್ಚಿದರೆ ಹಿಡಿತ ಹೆಚ್ಚು ಅನ್ನುವುದು ಒಣ ರಸ್ತೆಯ ಮಾತು. ನೀರು ನಿಂತಲ್ಲಿ ಅಗಲದ ಟೈರೇ ಬೇಗ ತೇಲುವುದು, ಅಷ್ಟು ನೀರನ್ನು ಬದಿಗೆ ತಳ್ಳಬೇಕಲ್ಲ. ಗಾಳಿ ಕಡಿಮೆ ಆದರೂ ಅದೇ ಕಥೆ. ವಿಮಾನದ ಚಕ್ರಕ್ಕೆ ಅಂತ ಮಾಡಿದ ಒಂದು ಹಳೆಯ ಸೂತ್ರ ಉಂಟು: ಪಿಎಸ್‌ಐ (ಟೈರಿನ ಗಾಳಿ ಒತ್ತಡದ ಅಳತೆ) ವರ್ಗಮೂಲವನ್ನು 10.35ರಿಂದ ಗುಣಿಸಿದರೆ ತೇಲುವ ವೇಗ ಗಂಟೆಗೆ ಮೈಲಿಯಲ್ಲಿ ಸಿಗ್ತದೆ. 32 ಪಿಎಸ್‌ಐಗೆ ಸುಮಾರು 94 ಕಿ.ಮೀ., 25 ಪಿಎಸ್‌ಐಗೆ 83. ಕಾರಿಗೆ ಇದು ಅಂದಾಜು ಮಾತ್ರ, ಬಟನ್ ಸವೆದಿದ್ದರೆ ಇನ್ನೂ ಮೊದಲೇ ತೇಲಬಹುದು. ಕಾನೂನಿನ ಮಿತಿ 1.6 ಮಿ.ಮೀ. ಇರಬಹುದು, ಆದರೆ ಕರಾವಳಿ ಮಳೆಗೆ 3ಕ್ಕಿಂತ ಕೆಳಗೆ ಇಳಿದ ಟೈರ್ ನಂಬುವುದು ಬೇಡ.

ನನ್ನ ಮಾತು: 205/55 ಆರ್16 ಅಲ್ಲೇ ಇರಿ.

ಕಪ್ಪು ರಬ್ಬರ್:

ಅಳತೆ ಬಗ್ಗೆ ಮೇಲಿನವರು ಹೇಳಿದ್ದೇ ಸರಿ. 91ವಿ ಅನ್ನೋದನ್ನೂ ಬಿಡಬೇಡಿ ಸರ್. 91 ಅಂದ್ರೆ ಒಂದು ಟೈರ್ 615 ಕೆ.ಜಿ. ಹೊರುತ್ತೆ, ವಿ ಅಂದ್ರೆ ಗಂಟೆಗೆ 240 ಕಿ.ಮೀ. ತನಕ ತಾಳುತ್ತೆ. ನೀವು 240 ಓಡಿಸಲ್ಲ, ಗೊತ್ತು. ಆದ್ರೆ ವಿ ರೇಟಿಂಗ್ ಟೈರ್ ಬಿಸಿ ತಡೆಯೋ ಹಾಗೆ ಕಟ್ಟಿರ್ತಾರೆ, ಅದು ಬೇಸಿಗೆಯ ಹೈವೇಯಲ್ಲಿ ಕೆಲಸಕ್ಕೆ ಬರುತ್ತೆ. ಎಚ್ ಅಂದ್ರೆ 210, ಕಡಿಮೆಗೆ ಸಿಗುತ್ತೆ ಅಂತ ಅದನ್ನ ಹಾಕಿಸಬೇಡಿ. ವಿಗಿಂತ ಮೇಲಿನ ಡಬ್ಲ್ಯೂ ಸಿಕ್ಕಿದ್ರೆ ತೊಂದರೆ ಇಲ್ಲ.

ಮಾಡೆಲ್ ವಿಷಯಕ್ಕೆ ಬಂದ್ರೆ ಮೊದಲು ಜಾತಿ ತಿಳ್ಕೊಳ್ಳಿ. ಒಂದು ಟೂರಿಂಗ್: ಮಿಶೆಲಿನ್ ಪ್ರೈಮಸಿ 4ಎಸ್‌ಟಿ, ಬ್ರಿಡ್ಜ್‌ಸ್ಟೋನ್ ಟುರಾಂಜಾ 6ಐ, ಯೊಕೊಹಾಮಾ ಬ್ಲೂಅರ್ತ್-ಜಿಟಿ. ಸದ್ದು ಕಮ್ಮಿ, ಬಾಳಿಕೆ ಜಾಸ್ತಿ, ಮಳೆಯಲ್ಲಿ ನಂಬಿಕಸ್ಥ. ಇನ್ನೊಂದು ಸ್ಪೋರ್ಟ್: ಮಿಶೆಲಿನ್ ಪೈಲಟ್ ಸ್ಪೋರ್ಟ್ 4, ಅಪೊಲೊ ಬಳಗದ ವ್ರೆಡೆಸ್ಟೈನ್ ಅಲ್ಟ್ರಾಕ್ ವೋರ್ಟಿ. ತಿರುವಿನಲ್ಲಿ ಕಚ್ಚಿ ಹಿಡಿಯುತ್ತವೆ, ಆದ್ರೆ ರಬ್ಬರ್ ಮೆದು, ಬೇಗ ಸವೆಯುತ್ತೆ.

ನಿಮ್ಮ ಓಡಾಟಕ್ಕೆ ನಾನಾದ್ರೆ ಪ್ರೈಮಸಿ 4ಎಸ್‌ಟಿ ಹೇಳ್ತೀನಿ. ಕಾಂಕ್ರೀಟ್ ರಸ್ತೆಗೆ ಅಡ್ಡ ಗೀರು ಹಾಕಿರ್ತಾರಲ್ಲ, ಅದರ ಮೇಲೆ ಬಟನ್ ಬಡಿದು "ಉಂಯ್" ಅನ್ನೋ ಸದ್ದು ಬರುತ್ತೆ. ಟೂರಿಂಗ್ ಟೈರಲ್ಲಿ ಬಟನ್‌ಗಳ ಉದ್ದ ಬೇರೆ ಬೇರೆ ಇಟ್ಟು ಆ ಸದ್ದನ್ನ ಚದುರಿಸಿರ್ತಾರೆ.

ಸೈಡ್‌ವಾಲ್ ಮೇಲೆ "ಟ್ರೆಡ್‌ವೇರ್ 320" ಅಂತೆಲ್ಲ ಸವೆತ ತಾಳೋ ಅಂಕ ಇರುತ್ತೆ. ಅದನ್ನ ಒಂದೇ ಕಂಪನಿಯ ಎರಡು ಟೈರ್ ಹೋಲಿಸೋಕೆ ಮಾತ್ರ ಬಳಸಿ. ಪ್ರತಿ ಕಂಪನಿ ತನ್ನ ಅಂಕ ತಾನೇ ಹಾಕ್ಕೊಳ್ಳುತ್ತೆ. ಪಕ್ಕದ ಟ್ರ್ಯಾಕ್ಷನ್ ಅಕ್ಷರ ಎಎ, ಎ, ಬಿ, ಸಿ ಒದ್ದೆ ನೆಲದಲ್ಲಿ ನೇರ ಬ್ರೇಕ್ ಹಾಕಿದಾಗಿನದು, ತಿರುವಿಗೆ ಸಂಬಂಧ ಇಲ್ಲ.

ಅಂಗಡಿಗೆ ಹೋಗೋ ಮುಂಚೆ ಫೋನ್ ಮಾಡಿ. 2020ರ ಜೂನ್‌ನಿಂದ ಟೈರ್ ಆಮದಿಗೆ ಸರ್ಕಾರದ ಪರವಾನಗಿ ಬೇಕು, ಹಾಗಾಗಿ ವೆಬ್‌ಸೈಟಲ್ಲಿ ಕಾಣೋದೆಲ್ಲ ಗೋಡೌನಲ್ಲಿ ಇರಲ್ಲ. ಇನ್ನೊಂದು, 2025ರ ಸೆಪ್ಟೆಂಬರ್ 22ರಿಂದ ಟೈರ್ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಬಿಲ್ಲಿನಲ್ಲಿ 18 ಇದೆಯಾ ನೋಡ್ಕೊಳ್ಳಿ, ಯಾರಾದ್ರೂ ಹಳೇ ರೇಟ್ ಪಟ್ಟಿ ತೋರಿಸಿದ್ರೆ ಕೇಳಿ.

ಟೈರ್ ತಯಾರಾದ ವಾರ ತಿಳಿಯೋಕೆ ಸೈಡ್‌ವಾಲ್ ಮೇಲೆ "ಡಿಒಟಿ" ಅಂತ ಶುರುವಾಗೋ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 1026 ಅಂದ್ರೆ 2026ರ 10ನೇ ವಾರ. ಆ ಅಂಕಿ ಟೈರಿನ ಒಂದೇ ಬದಿಗೆ ಇರುತ್ತೆ, ಕಾಣದಿದ್ರೆ ತಿರುಗಿಸಿ ನೋಡಿ. ಆರು ತಿಂಗಳ ಒಳಗಿನದು ಕೇಳಿ, ನಾಲ್ಕೂ ಹತ್ತಿರ ಹತ್ತಿರದ ವಾರದ್ದಿರಲಿ.

ಚಾರ್ಮಾಡಿ ಎಕ್ಸ್‌ಪ್ರೆಸ್:

ಪ್ರೈಮಸಿ ಒಳ್ಳೆ ಟೈರ್, ಒಪ್ಪಿದೆ. ಆದರೆ 150 ಪಿಎಸ್ ಶಕ್ತಿ, 250 ಎನ್‌ಎಂ ಟಾರ್ಕ್ (ತಿರುಗಿಸೋ ಬಲ) ಎಲ್ಲಾ ಮುಂದಿನ ಎರಡು ಚಕ್ರಕ್ಕೇ ಹೋಗೋ ಗಾಡಿಗೆ ಸ್ಪೋರ್ಟ್ ಟೈರ್ ಬೇಡ ಅಂದುಬಿಡೋದು ಅವಸರ. ಸ್ಪೋರ್ಟ್ ಟೈರ್ ಅಂದ್ರೆ ಮಳೆಯಲ್ಲಿ ಜಾರುತ್ತೆ ಅನ್ನೋದು ತಪ್ಪು ಕಲ್ಪನೆ. ಪೈಲಟ್ ಸ್ಪೋರ್ಟ್ 4ರಲ್ಲಿ ಅಗಲದ ಉದ್ದಗೆರೆಗಳಿವೆ, ನೀರು ಚೆನ್ನಾಗಿ ಎಸೆಯುತ್ತೆ, ಒದ್ದೆಯಲ್ಲೂ ಹಿಡಿತ ಜಾಸ್ತಿ. ನಷ್ಟ ಇರೋದು ಬಾಳಿಕೆಯಲ್ಲಿ, ಮೈಲೇಜಲ್ಲಿ. ತಿಂಗಳಿಗೆ ಎರಡು ಸಲ ಘಾಟಿ ಇಳಿಯೋರು ಆ ನಷ್ಟ ಒಪ್ಪಬಹುದು. ನಿಮ್ಮ ಅಳತೆಯಲ್ಲಿ ಸ್ಟಾಕ್ ಇದೆಯಾ ಅನ್ನೋದೇ ಮೊದಲ ಪ್ರಶ್ನೆ.

ಸಿಗೋದು 94 ಎಕ್ಸ್‌ಎಲ್ (ಹೆಚ್ಚು ಭಾರ ಹೊರೋಕೆ ಕಟ್ಟಿದ ಟೈರ್) ಆಗಿದ್ರೆ ಒಂದು ವಿಷಯ. ಎಕ್ಸ್‌ಎಲ್ ಟೈರ್ 670 ಕೆ.ಜಿ. ಹೊರೋದು 42 ಪಿಎಸ್‌ಐ ಗಾಳಿಯಲ್ಲಿ, ಮಾಮೂಲಿ 91 ಟೈರ್ 615 ಕೆ.ಜಿ. ಹೊರೋದು 36ರಲ್ಲಿ. ಅಂದರೆ ಗಾಡಿಯ ಮೇಲಿನ ಗಾಳಿ ಸ್ಟಿಕ್ಕರ್ ಹೇಳಿದಷ್ಟೇ ಹೊಡೆಸಿದ್ರೆ ಎಕ್ಸ್‌ಎಲ್ ಹೊರೋದು ಮಾಮೂಲಿಗಿಂತ ಸ್ವಲ್ಪ ಕಮ್ಮಿಯೇ. ಒಂದೂವರೆ-ಎರಡು ಪಿಎಸ್‌ಐ ಜಾಸ್ತಿ ಇಡಿ.

ನಾಲ್ಕನೇ ಗೇರ್:

ಎಲ್ಲರಿಗೂ ಧನ್ಯವಾದ. ಅಳತೆ ಬದಲಿಸಲ್ಲ, ಅದು ಖಚಿತ. ಹಿಂದಿನವು 4 ಮಿ.ಮೀ. ಇರೋದ್ರಿಂದ ಮುಂದಿನ ಎರಡು ಮಾತ್ರ ಹೊಸದು ಹಾಕಿಸಿ ಈ ಮಳೆಗಾಲ ದಾಟಿಸಬಹುದಾ? ಫಿಟ್ಟಿಂಗ್‌ನಲ್ಲಿ ಏನು ನೋಡ್ಕೊಬೇಕು?

ಹುಬ್ಳಿ ಸ್ಪ್ಯಾನರ್:

ಎರಡ ಹಾಕಸೂದಾದ್ರ ಹೊಸಾವು ಹಿಂದ ಹಾಕಸ್ರಿ, ಮುಂದ ಅಲ್ಲ. ಹಿಂದಿನ 4 ಮಿ.ಮೀ. ಟೈರ್ ಮುಂದ ಬರ್ಲಿ. ಮುಂದ ಜಾರಿದ್ರ ಆಕ್ಸಲರೇಟರ್ ಬಿಟ್ರ ಗಾಡಿ ತಿರುಗಿ ಹಾದಿಗೆ ಬರತೈತಿ. ಘಾಟಿನ್ಯಾಗ ನೀರಿನ ಮ್ಯಾಲ ಹಿಂದ ಜಾರಿದ್ರ ಗಾಡಿ ಗಿರಕಿ ಹೊಡಿತೈತಿ.

ಖರೇ ಹೇಳ್ಬೇಕಂದ್ರ ನಾಲ್ಕೂ ಹಾಕಸ್ರಿ. ಲೆಕ್ಕಾ ನೋಡ್ರಿ: ಹೊಸಾ ಟೈರ್ 8 ಮಿ.ಮೀ. ಹಿಡೀರಿ, ಮುಂದಿನಾವು 44,000ಕ್ಕ ಐದೂವರೆ ಮಿ.ಮೀ. ತಿಂದಾವು. ಒಂದ ಮಿ.ಮೀ.ಗೆ 8,000 ಕಿ.ಮೀ. ಆ 4 ಮಿ.ಮೀ. ಟೈರ್ ಮುಂದ ಬಂದ್ರ 12,000 ಕಿ.ಮೀ.ಗೆ ಮತ್ತ ಎರಡೂವರೆಗೆ ಬರತೈತಿ. ನಿಮ್ಮ ಓಡಾಟ ತಿಂಗಳಿಗೆ 2,400 ಆಗತೈತಿ, ಅಂದ್ರ ಬರೇ ಐದ ತಿಂಗಳು. ಮಳಿ ಮುಗಿಯೂದ್ರಾಗ ಮತ್ತ ಅಂಗಡಿ ಮುಂದ ನಿಂತಿರತೀರಿ.

ಇನ್ನ ಒಳ ಅಂಚು ಸವದದ್ದು. ಟೈರ್ ಮ್ಯಾಲ ಅಂಗೈ ಅಡ್ಡ ಸವರ್ರಿ, ಹೊರಗಿಂದ ಒಳಗ ಒಮ್ಮಿ, ಒಳಗಿಂದ ಹೊರಗ ಒಮ್ಮಿ. ಒಂದ ಕಡೆ ನುಣ್ಣಗ, ಇನ್ನೊಂದ ಕಡೆ ಗರಗಸದ ಹಲ್ಲ ಹತ್ತಿದಂಗ ಅನಿಸಿದ್ರ ಟೋ (ಮ್ಯಾಲಿಂದ ನೋಡಿದ್ರ ಚಕ್ರ ಒಳಗ-ಹೊರಗ ತಿರಗಿದ ಕೋನ) ತಪ್ಪೈತಿ. ಎರಡೂ ಕಡೆ ನುಣ್ಣಗಿದ್ದು ಎಡಗಡೆ ಒಂದ ಚಕ್ರ ಅಷ್ಟ ಸವದಿದ್ರ ಕ್ಯಾಂಬರ್ (ಮುಂದಿಂದ ನೋಡಿದ್ರ ಚಕ್ರ ವಾಲಿದ ಕೋನ) ಮ್ಯಾಲ ಸಂಶಯ, ಗುಂಡಿಗೆ ಬಿದ್ದು ಚಕ್ರ ಹಿಡದಿರೂ ಲೋವರ್ ಆರ್ಮ್ ಇಲ್ಲಾ ಸ್ಟ್ರಟ್ ಬಾಗಿರಬಹುದು. ಈ ಗಾಡಿಗೆ ಮುಂದ ಹೊಂದಸೂದು ಟೋ ಅಷ್ಟ. ಕ್ಯಾಂಬರ್ ಸಬ್‌ಫ್ರೇಮ್ ಸಡಿಲ್ ಮಾಡಿ ಚೂರು ಆಕಡೆ ಈಕಡೆ ಸರಸಬಹುದು, ಹೆಚ್ಚಿಗಿ ಅಲ್ಲ. ಹಿಂದ ಬೀಮ್ ಆಕ್ಸಲ್ (ಎರಡೂ ಚಕ್ರ ಕೂಡಿಸೂ ಒಂದ ತೊಲಿ), ಹೊಂದಸಾಕ ಏನೂ ಇಲ್ಲ. ಅದಕ್ಕ ಮೊದಲ ಲೋವರ್ ಆರ್ಮ್ ಬುಶ್, ಟೈ ರಾಡ್ ಎಂಡ್ ಅಲ್ಲಾಡಿಸಿ ನೋಡಸ್ರಿ, ಆಮ್ಯಾಲ ಅಲೈನ್‌ಮೆಂಟ್. ಬುಶ್ ಹೋದ ಗಾಡಿಗೆ ಅಲೈನ್‌ಮೆಂಟ್ ಮಾಡಸೂದು ಸೋರೂ ಕೊಡಕ್ಕ ನೀರ ತುಂಬಿದಂಗ. ಮಷೀನ್‌ದು ಮೊದಲಿನ ರೀಡಿಂಗ್, ಆಮ್ಯಾಲಿನ ರೀಡಿಂಗ್ ಎರಡೂ ಪ್ರಿಂಟ್ ತಗೋರಿ.

ಫಿಟ್ಟಿಂಗ್ ಟೈಮಿಗೆ ಅಲ್ಲೇ ನಿಂದರ್ರಿ. ರಬ್ಬರ್ ವಾಲ್ವ್ ನಾಲ್ಕೂ ಹೊಸಾವು ಹಾಕಸ್ರಿ. "ಔಟ್‌ಸೈಡ್" ಅಂತ ಬರದಿದ್ರ ಆ ಮಖ ಹೊರಗ, ಬಾಣ ಇದ್ರ ಮುಂದ ತಿರಗೂ ಕಡೆ. ಟೈರ್ ಮ್ಯಾಲಿನ ಹಳದಿ ಚುಕ್ಕಿ ಹಗುರ ಜಾಗ, ಅದು ವಾಲ್ವ್ ಹತ್ರ ಬರ್ಲಿ. ಬ್ಯಾಲೆನ್ಸಿಂಗ್‌ನ್ಯಾಗ ಒಂದ ಬದಿಗೆ 60-70 ಗ್ರಾಂ ಮ್ಯಾಲ ತೂಕ ಕೇಳಿದ್ರ ಸುಮ್ನ ಸೀಸ ಹಚ್ಚಕ್ಕ ಬಿಡಬ್ಯಾಡ್ರಿ. ಗಾಳಿ ಬಿಟ್ಟು ಟೈರ್ ರಿಮ್ ಮ್ಯಾಲ ಅರ್ಧ ಸುತ್ತು ತಿರಗಸಿ ಮತ್ತ ನೋಡ್ರಿ ಅನ್ರಿ. ಆದ್ರೂ ಇಳಿಲಿಲ್ಲ ಅಂದ್ರ ರಿಮ್ ಬಾಗೈತಿ.

ಏರ್ ಗನ್ನಿಂದ ಬೋಲ್ಟ್ ಬಿಗಿ ಮಾಡಾಕ ಕೊಡಬ್ಯಾಡ್ರಿ. ಕೈಲೆ ಹಚ್ಚಿ, ನಕ್ಷತ್ರದ ಗತೆ ಎದುರುಬದುರು ಬಿಗಿಸಿ, ಕೊನಿಗೆ ಟಾರ್ಕ್ ರೆಂಚ್ 120 ಎನ್‌ಎಂ. ಬೋಲ್ಟ್ ಎಂ14, ಕೂರೂ ಜಾಗ ಗುಂಡಗ ಇರತೈತಿ. ಮುಂದ ಯಾವಾಗರೆ ಹೊರಗಿನ ಅಲಾಯ್ ಹಾಕಿಸಿದ್ರ ಅದಕ್ಕ ಮೊನಚು ಸೀಟಿನ ಬೋಲ್ಟ್ ಬೇಕಾಗತಾವು, ಹಳೇವು ಹಾಕಿದ್ರ ಸಡಿಲ್ ಆಗತಾವು.

ಶಿರಾಡಿ ತಿರುವು:

ಮೇಲಿನವರು ಹೇಳಿದ್ದಕ್ಕೆ ಎರಡು ಸೇರಿಸ್ತೇನೆ. ಹೊಸ ಟೈರ್ ಮೇಲೆ ಅಚ್ಚಿನ ಜಾರು ಪದರ ಇರ್ತದೆ, ಮೊದಲ 200-300 ಕಿ.ಮೀ. ಮೆಲ್ಲ ಹೋಗಿ. ಹಾಕಿಸಿದ ಮರುದಿನವೇ ಮಳೆಯಲ್ಲಿ ಘಾಟಿ ಇಳಿಯುವುದು ಬೇಡ. ಆಮೇಲೆ ಪ್ರತಿ 8,000ದಿಂದ 10,000 ಕಿ.ಮೀ.ಗೆ ಅದಲು ಬದಲು: ಮುಂದಿನವು ನೇರ ಹಿಂದೆ, ಹಿಂದಿನವು ಅಡ್ಡವಾಗಿ ಮುಂದೆ. ಬಾಣದ ಗುರುತಿನ ಟೈರ್ ಆದರೆ ಅಡ್ಡ ಹಾಕಲಿಕ್ಕಿಲ್ಲ, ಅದೇ ಬದಿಯಲ್ಲಿ ಹಿಂದೆ ಮುಂದೆ ಮಾತ್ರ. ಇದನ್ನು ಬಿಟ್ಟರೆ ಹಿಂದಿನ ಟೈರ್ ಹಲ್ಲು ಹಲ್ಲಾಗಿ ಸವೆದು ಬೇರಿಂಗ್ ಹೋದ ಹಾಗೆ ಗೊರಗೊರ ಸದ್ದು ಬರ್ತದೆ, ಕೆಲವರು ಸುಮ್ಮನೆ ಬೇರಿಂಗ್ ಬದಲಿಸಿ ಬಿಡ್ತಾರೆ.

ಗಾಳಿ ಬೆಳಿಗ್ಗೆ ತಣ್ಣಗಿರುವಾಗ ನೋಡಿ. ಹೈವೇ ಓಡಿ ಬಂದ ಮೇಲೆ 3-5 ಪಿಎಸ್‌ಐ ಜಾಸ್ತಿ ತೋರಿಸುವುದು ಸಹಜ, ಆ ಹೆಚ್ಚಿನ ಗಾಳಿಯನ್ನು ಹೊರಗೆ ಬಿಡಬೇಡಿ. ಈ ಗಾಡಿಯ ಗಾಳಿ ಎಚ್ಚರಿಕೆ ದೀಪಕ್ಕೆ ಚಕ್ರದೊಳಗೆ ಸೆನ್ಸರ್ ಇಲ್ಲ, ಚಕ್ರ ತಿರುಗುವ ವೇಗ ಹೋಲಿಸಿ ಹೇಳುವುದು. ಟೈರ್ ಹಾಕಿಸಿ ಗಾಳಿ ಸರಿ ಮಾಡಿದ ಮೇಲೆ ಸ್ಕ್ರೀನ್‌ನಲ್ಲಿ "ಸೆಟ್" ಒತ್ತಿ. ಒತ್ತದಿದ್ದರೆ ಅದು ಹಳೆಯ ಸವೆದ ಟೈರಿನ ಲೆಕ್ಕವನ್ನೇ ಹಿಡಿದು ಕೂತಿರ್ತದೆ.